ಕೊನೆಯವರಿಗೆ ಎರಡು ಕಾಗದ

“ಆಸ್ಪತ್ರೆಯಿಂದ ಎರಡು ಕಾಗದ ಬಂದಿತ್ತು ಕಣೇ,” ಎಂದರು ಅತ್ತಿಗೆ ಫೋನಿನಲ್ಲಿ. “ಒಂದನ್ನ ನೋಡ್ಕೊಂಡು ಹೋಗಿ ನಿಮ್ಮಣ್ಣನ ಬಟ್ಟೆ, ಚಪ್ಪಲಿ ತಂದೆ. ಇನ್ನೊಂದನ್ನ ಇವತ್ತು ಒಡೆದೆ. ಅದರಲ್ಲೂ ಸಾಮಾನು ತಗೊಂಡು ಹೋಗಿ ಅಂತಿದೆ. ಅವತ್ತು ಸಿಗದೇ ಇದ್ದ ವಾಚು ಸಿಕ್ಕಿರಬೇಕು. ಈಗಲೇ ಬರ್ತೀನಿ.”

ಫೋನ್ ಎತ್ತಿಕೊಂಡಿದ್ದ ಅವಳು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು. ಆ ಕಾಗದ ಕಳಿಸುವ ಪ್ರೊಸೀಜರ್ ಎಂಬ ಪುಟ್ಟ ಪ್ರೋಗ್ರಾಂ ಬರೆದವಳೂ ಅವಳೇ, ನಾಲ್ಕು ವರ್ಷದ ಹಿಂದೆ, ಎಲ್ಲರಿಂದ ಭೇಷ್ ಅನ್ನಿಸಿಕೊಂಡು. ಅಣ್ಣ ಹೋಗಿ ಮೂರು ವಾರವಾದರೂ ಅವಳಿಗೆ ಅಳು ಬಂದಿರಲಿಲ್ಲ. ಏನೂ ಬಂದಿರಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಈಗಲೂ ಅದೇ ಪ್ರೊಸೀಜರನ್ನು ತೆರೆಯಿತು.

ವಾರಕ್ಕೊಮ್ಮೆ ಅದರೊಳಗಿನ ಕರ್ಸರ್, ಪಟ್ಟಿಯ ಮೇಲೆ ಓಡುವ ಬೆರಳಿನಂತೆ, ಆ ವಾರ ತೀರಿಕೊಂಡವರ ಪಟ್ಟಿಯಿಂದ ಒಂದೊಂದೇ ಸಾಲನ್ನು ಎತ್ತಿ ವೇರಿಯಬಲ್ ಎಂಬ ಖಾನೆಗೆ ಹಾಕುತ್ತದೆ. ಅದರಲ್ಲಿರುವ ವಿಳಾಸಕ್ಕೆ ಕಾಗದ ಅಚ್ಚಾಗುತ್ತದೆ. ಪಟ್ಟಿ ಮುಗಿಯಿತೇ ಎಂದು ಸಾಲನ್ನು ಎತ್ತಲು ಹೋದ ಕೂಡಲೇ, ಅಚ್ಚಿಗೆ ಮುಂಚೆ, ಕೇಳಬೇಕು. ಈ ಜಾಣೆ ಕಾಗದ ಅಚ್ಚಾದ ಮೇಲೆ ಕೇಳಿದ್ದಳು. ಎತ್ತಲು ಸಾಲೇ ಇಲ್ಲದಾಗ ವೇರಿಯಬಲ್ ತಾನಾಗಿ ಖಾಲಿಯಾಗುವುದಿಲ್ಲ. ಹಿಂದಿನವರು ಅಲ್ಲೇ ಉಳಿದಿರುತ್ತಾರೆ. ಹಾಗಾಗಿ ಪ್ರತಿ ವಾರ ಕೊನೆಯವರ ಮನೆಗೆ ಎರಡು ಕಾಗದ. ಅಣ್ಣ ಹೋದ ವಾರ ಪಟ್ಟಿಯ ಕೊನೆಯವನು ಅವನೇ.

ತೀರಿಕೊಂಡವರ ಸಾಮಾನು ಕೊಡುವ ಕೌಂಟರಿಗೆ ಫೋನ್ ಮಾಡಿದಳು.

“ಓ, ಅದಾ ಮೇಡಂ?” ಎಂದ ಗುಮಾಸ್ತ. “ವಾರಕ್ಕೊಬ್ಬರು ಎರಡು ಕಾಗದ ಹಿಡ್ಕೊಂಡು ಬಂದೇ ಬರ್ತಾರೆ. ಇನ್ನೇನೂ ಇಲ್ಲ ಅಂತ ಹೇಳಿ ಕಳಿಸ್ತೀನಿ. ಯಾರೂ ಜಗಳ ಆಡಲ್ಲ, ಪಾಪ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀವ್ಯಾವತ್ತು ಕೇಳಿದ್ರಿ?”

ನಾಲ್ಕು ವರ್ಷವೆಂದರೆ ಹತ್ತಿರ ಹತ್ತಿರ ಇನ್ನೂರು ಮನೆ. ಅದೂ ಅವಳನ್ನು ಅಲುಗಾಡಿಸಲಿಲ್ಲ. ಪಟ್ಟಿ ಮುಗಿಯಿತೇ ಎಂಬ ಆ ಒಂದು ಪ್ರಶ್ನೆಯನ್ನು ಅಚ್ಚಿನ ಆದೇಶಕ್ಕಿಂತ ಮೇಲಕ್ಕೆ ಸರಿಸಿ, ಆ ವಾರದ ಪಟ್ಟಿಯನ್ನೇ ಹಾಕಿ ಪರೀಕ್ಷಿಸಿದಳು. ಅಣ್ಣನ ಹೆಸರು ಒಂದೇ ಸಲ ಬಂತು. ಪ್ರೊಸೀಜರ್ ಸರಿಹೋಗಿತ್ತು.

ಕೆಳಗಿಳಿದು ಬಂದಾಗ ಅತ್ತಿಗೆ ಆಗಲೇ ಕೌಂಟರಿನ ಕ್ಯೂನಲ್ಲಿ ನಿಂತಿದ್ದರು. ಕೈಯಲ್ಲಿ ಆ ವಾಚು ಕೊಂಡಾಗ ಬಂದಿದ್ದ ಡಬ್ಬಿ.

“ಅತ್ತಿಗೆ, ವಾಚು ಸಿಕ್ಕಿಲ್ಲ. ಎರಡನೇ ಕಾಗದ ನನ್ನ ತಪ್ಪಿಂದ ಬಂದಿದ್ದು. ಈಗ ಸರಿ ಮಾಡಿದೆ.”

ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

“ಇಷ್ಟು ದೂರ ಬಂದಿದೀನಿ, ಒಂದ್ಸಲ ಕೇಳಿಬಿಡ್ತೀನಿ ತಡಿ. ಮುಂದೆ ಇಬ್ಬರೇ ಇದಾರೆ.”

ಅವಳು ಅತ್ತಿಗೆಯ ಹಿಂದೆ ತಾನೂ ನಿಂತಳು. ಮುಂದಿನ ಇಬ್ಬರಲ್ಲಿ ಒಬ್ಬರು ಮುಗಿಸಿಕೊಂಡು ಹೋದರು. ವಾಚು ಸಿಕ್ಕರೂ ಸಿಕ್ಕೀತು ಎಂದು ಅವಳಿಗೂ ಅನ್ನಿಸತೊಡಗಿತು.