ಕೋನಿನ ಬೆನ್ನಿಗೆ ಎರಡಕ್ಷರ

ಉಗುರಿನಿಂದ ಒಮ್ಮೆ ತಟ್ಟಿ ನೋಡದೆ ಚಿಕ್ಕಮ್ಮ ಯಾವ ವಸ್ತುವನ್ನೂ ನಂಬುತ್ತಿರಲಿಲ್ಲ. ಹೊಸ ಲೋಟವನ್ನು ತಟ್ಟುತ್ತಿದ್ದಳು, ಬಾಗಿಲನ್ನು ತಟ್ಟುತ್ತಿದ್ದಳು, ಬಂದವರು ಕೂರುವ ಮೊದಲು ಕುರ್ಚಿಯ ಬೆನ್ನನ್ನು ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ, ಅದು ಹೇಳಿದ್ದನ್ನು ಕೇಳಿಸಿಕೊಂಡ ಮೇಲೆಯೇ ಕೂರಲು ಹೇಳುತ್ತಿದ್ದಳು. ನಾನು ಮದುವೆಯಾಗಬೇಕೆಂದಿದ್ದವನನ್ನು ಅವಳಿಗೆ ತೋರಿಸಲು ಕರೆದೊಯ್ದ ದಿನ, ಅವನು ಹೊರಟ ಮೇಲೆ ಕೇಳಿದೆ: "ಇವನನ್ನ ಯಾಕೆ ತಟ್ಟಿ ನೋಡ್ಲಿಲ್ಲ ಚಿಕ್ಕಮ್ಮ?"

"ತಟ್ಟೋದು ಯಾಕೆ? ಅಷ್ಟು ಹೊತ್ತು ತಾನೇ ಸದ್ದು ಮಾಡ್ತಾ ಇದ್ನಲ್ಲ."

ಈ ಅಭ್ಯಾಸ ಕಸುಬಿನಿಂದ ಬಂದದ್ದು. ಚಿಕ್ಕಪ್ಪನ ಸ್ಪೀಕರ್ ರಿಪೇರಿ ಅಂಗಡಿ ಬೀದಿಯ ಕಡೆಗಿತ್ತು. ಅದರ ಹಿಂದಿನ ಗೋಡೆಯಾಚೆ ಅಡುಗೆಮನೆ. ಸ್ಪೀಕರಿನ ನಡುವೆ ಆಲಿಕೆಯಂತೆ ಕೂತು, ಸುರುಳಿತಂತಿ ನೂಕಿದಾಗಲೆಲ್ಲ ಗಾಳಿಯನ್ನು ನೂಕುವ ಕಾಗದದ ಕೋನ್ ಹರಿದರೆ, ಜನ ಅದನ್ನು ಅಂಗಡಿಗೆ ತರುತ್ತಿದ್ದರು. ಹೊಸ ಕೋನ್ ಹುಟ್ಟುತ್ತಿದ್ದುದು ಅಡುಗೆಮನೆಯಲ್ಲಿ. ಚಿಂದಿಬಟ್ಟೆಯ ಕಾಗದವನ್ನು ನೆನೆಸಿ, ಬೇಯಿಸಿ, ಅರೆದು, ಹಳೆಯ ಸ್ವೆಟರಿನ ಉಣ್ಣೆಯನ್ನು ಎಳೆಎಳೆಯಾಗಿ ಬಿಡಿಸಿ ಬೆರೆಸಿ, ಜಾಲರಿಯ ಅಚ್ಚಿನ ಮೇಲೆ ಹೊಯ್ದು, ನೆರಳಲ್ಲಿ ಒಣಗಿಸುತ್ತಿದ್ದವಳು ಚಿಕ್ಕಮ್ಮ.

ಉಣ್ಣೆ ಏಕೆಂದು ಕೇಳಿದರೆ ಕೈ ನಿಲ್ಲಿಸದೆಯೇ ಹೇಳುತ್ತಿದ್ದಳು. ಕೋನ್ ಹಗುರವಾಗಿರಬೇಕು, ಇಲ್ಲದಿದ್ದರೆ ಸಣ್ಣ ಸ್ವರಗಳ ಹಿಂದೆ ಓಡಲಾರದು. ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ನೂಕಿದಾಗ ನಡುವೆ ಬಾಗುತ್ತದೆ. ಅಷ್ಟಾದ ಮೇಲೆ, ನೂಕು ನಿಂತ ಕೂಡಲೇ ತಾನೂ ಸುಮ್ಮನಾಗಬೇಕು. "ಅಲ್ಯೂಮಿನಿಯಂದು ಚೆನ್ನಾಗೇ ಹಾಡತ್ತೆ. ಆದ್ರೆ ಹಾಡು ಮುಗಿದ್ಮೇಲೂ ತನ್ನದೊಂದು ಮಾತು ಸೇರಿಸತ್ತೆ, ನಮ್ಮತ್ತೆ ಹಾಗೆ. ಪ್ಲಾಸ್ಟಿಕ್ ನೆನೆಯಲ್ಲ, ಹರಿಯಲ್ಲ, ಯಾವುದಕ್ಕೂ ಬೇಜಾರಿಲ್ಲ. ದನಿ ಮಾತ್ರ ಕಂಬಳಿ ಹೊದ್ದು ಮಾತಾಡಿದ ಹಾಗೆ." ಒಣಗಿದ ಕೋನನ್ನು ತಟ್ಟುತ್ತಿದ್ದಳು. ಅದು 'ದಪ್' ಎಂದು ಅಲ್ಲೇ ನಿಂತರೆ ಸರಿ. ಠಣ್ಣೆಂದು ಉಳಿದರೆ ಮತ್ತೆ ನೀರಿಗೆ.

ಅವಳ ಗಡಿಯಾರವೂ ಅಡುಗೆಮನೆಯದೇ. ಕೋನನ್ನು ಸ್ಪೀಕರಿಗೆ ಕೂರಿಸುವ ಮೊದಲ ಅಂಟು ಕಚ್ಚುವಷ್ಟರಲ್ಲಿ ಪಾತ್ರೆ ತೊಳೆದಾಗುತ್ತಿತ್ತು, ಎರಡನೆಯದು ಕಚ್ಚುವಷ್ಟರಲ್ಲಿ ಎರಡು ಬಕೆಟ್ ಬಟ್ಟೆ. ಸುರುಳಿ ಅಯಸ್ಕಾಂತದ ಸಂದಿಯಲ್ಲಿ ನೇರವಾಗಿ ಕೂರಲೆಂದು ಸುತ್ತಲೂ ಸಿಕ್ಕಿಸುತ್ತಿದ್ದ ತೆಳು ಪಟ್ಟಿಗಳನ್ನು ಅವಳು ಕತ್ತರಿಸಿಕೊಂಡದ್ದು ಒಂದು ಎಕ್ಸ್‌ರೇ ಹಾಳೆಯಿಂದ. ಅದು ಅವಳದೇ ಬೆನ್ನಿನ ಎಕ್ಸ್‌ರೇ. ನೆಲದ ಮೇಲೆ ಕೂತು ಬಾಗಿ ಕೆಲಸ ಮಾಡಬಾರದೆಂದು ಡಾಕ್ಟರು ಹೇಳಿದ್ದರು. ಹಾಳೆ ಸರಿಯಾದ ದಪ್ಪಕ್ಕಿತ್ತು.

ಚಿಕ್ಕಪ್ಪ ಕೆಟ್ಟವರಲ್ಲ. ತಂತಿ ಬೆಸೆಯುವುದು ಬಲ್ಲವರು, ಮಾತು ಬಲ್ಲವರು. ಅಡುಗೆಮನೆಯ ಬಾಗಿಲ ಮೊಳೆಗೆ ಒಂದು ಬೂದುಬಣ್ಣದ ಕೋಟು ತೂಗುತ್ತಿತ್ತು. ಅಂಟಿನ ಕೆಲಸಕ್ಕೆ ಚಿಕ್ಕಮ್ಮ ಅದನ್ನು ತೋಳು ಮಡಚಿ ತೊಡುತ್ತಿದ್ದಳು. ಗಿರಾಕಿಯ ಸದ್ದಾದರೆ ಬಿಚ್ಚಿ ಕೊಡುತ್ತಿದ್ದಳು. ಚಿಕ್ಕಪ್ಪ ಅದನ್ನು ತೊಟ್ಟು, ಅವಳ ಅಂಟಿನ ಕಲೆಗಳ ಮೇಲೆ ಗುಂಡಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಕೆಲಸ ಮುಗಿದ ಕೋನಿನ ಬೆನ್ನಿಗೆ ಪೆನ್ಸಿಲಿನಲ್ಲಿ ಚಿಕ್ಕಪ್ಪನ ಹೆಸರಿನ ಎರಡಕ್ಷರ ಬರೆಯುತ್ತಿದ್ದವಳೂ ಅವಳೇ. ಮೊದಲ ವರ್ಷ ಚಿಕ್ಕಪ್ಪ, "ನಿನ್ನ ಅಕ್ಷರ ದುಂಡಗಿದೆ, ನೀನೇ ಹಾಕಿಬಿಡು" ಎಂದಿದ್ದರಂತೆ. ಮೂವತ್ತೊಂದು ವರ್ಷ ಹಾಕಿದಳು.

ಚಿಕ್ಕಪ್ಪ ತೀರಿಹೋದ ಮೂರನೇ ವಾರ ಪುರಸಭೆಯ ಸಭಾಂಗಣದ ಮ್ಯಾನೇಜರ್ ಬಂದರು. ದೊಡ್ಡ ಎರಡು ಸ್ಪೀಕರುಗಳನ್ನು ರಿಪೇರಿಗೆ ಬಿಟ್ಟಿದ್ದರು. ಮರಳಿ ಒಯ್ಯಲು ಬಂದಿದ್ದರು. ಉಳಿದ ಗಿರಾಕಿಗಳು ಆಗಲೇ ಒಬ್ಬೊಬ್ಬರಾಗಿ ತಮ್ಮದನ್ನು ಒಯ್ದಿದ್ದರು.

"ಎಂಟು ದಿನ ಬಿಡಿ, ನಾನು ಮಾಡಿಕೊಡ್ತೀನಿ," ಎಂದಳು ಚಿಕ್ಕಮ್ಮ. "ಇಷ್ಟು ದಿನವೂ ಮಾಡ್ತಿದ್ದವಳು ನಾನೇ."

ಅವರು ಅವಳನ್ನು ಕನಿಕರದಿಂದ ನೋಡಿದರು. "ಆಗಲಮ್ಮ, ಒಂದನ್ನ ಮಾಡಿ ನೋಡಿ."

ಆ ಎಂಟು ದಿನವೂ ನಾನು ಅವಳ ಜೊತೆಗಿದ್ದೆ. ಇದೊಂದು ಸರಿಹೋದರೆ ಅಂಗಡಿ ಉಳಿಯುತ್ತದೆ, ಕೈ ಯಾರದೆಂದು ತಿಳಿಯುತ್ತದೆ. ಅವಳು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಾಲ್ಕು ಕೋನುಗಳನ್ನು ತಟ್ಟಿ ನೀರಿಗೆ ಹಾಕಿ ಐದನೆಯದನ್ನು ಒಪ್ಪಿಕೊಂಡಳು. ಕೋಟನ್ನು ಇಡೀ ದಿನ ಬಿಚ್ಚಲಿಲ್ಲ.

ಮ್ಯಾನೇಜರ್ ಬಂದರು. ಅವಳು ಸ್ಪೀಕರಿಗೆ ತಂತಿ ಕೊಟ್ಟು ಒಬ್ಬ ಗಾಯಕಿಯ ಹಾಡು ಹಚ್ಚಿದಳು. ಆ ಗಾಯಕಿ ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು; ಆಮೇಲೆ ಸ್ಪೀಕರನ್ನು ಎತ್ತಿ, ಹಿಂದಿನ ಕಬ್ಬಿಣದ ಚೌಕಟ್ಟಿನ ಸಂದಿಯಲ್ಲಿ ಇಣುಕಿ, ನಕ್ಕರು.

"ನೋಡಿ, ಯಜಮಾನರ ಗುರುತು ಇಲ್ಲೇ ಇದೆ. ಹೋಗೋ ಮುಂಚೆ ಇದೊಂದನ್ನ ಮುಗಿಸಿಟ್ಟಿದ್ರು. ಎಂಥ ಕೈ ಅವರದು."

ಚಿಕ್ಕಮ್ಮ ಇಣುಕಿದಳು. ಎರಡಕ್ಷರ ದುಂಡಗೆ, ಅಚ್ಚುಕಟ್ಟಾಗಿ ಅಲ್ಲಿದ್ದವು. ಯಾವಾಗ ಬರೆದಳೆಂದು ಅವಳಿಗೇ ತಿಳಿದಿರಲಿಲ್ಲ, ನಾನೂ ನೋಡಿರಲಿಲ್ಲ.

"ಅದನ್ನ ಬರೆದದ್ದು ನಾನು," ಎಂದಳು.

"ಹೆಸರು ನೀವೇ ಬರೆದಿರಬಹುದಮ್ಮ. ಅದಕ್ಕೇನಂತೆ?"

"ಅವಳೇ ಮಾಡಿದ್ದು, ನಾನು ಪಕ್ಕದಲ್ಲೇ ಕೂತಿದ್ದೆ," ಎಂದೆ ನಾನು.

"ಮನೆಯವರಿಗೆ ಅಭಿಮಾನ ಇರಬೇಕಾದ್ದೇ," ಎಂದರು ಅವರು, ಬಹಳ ಮೃದುವಾಗಿ. ಇನ್ನೊಂದನ್ನು ಪ್ಲಾಸ್ಟಿಕ್ ಕೋನ್ ಹಾಕುವ ಕಡೆ ಕೊಡುವುದಾಗಿ ಹೇಳಿ, ಎರಡನ್ನೂ ಹೊತ್ತುಕೊಂಡು ಹೋದರು.

ಅಂದು ಅವಳು ಅಳಲಿಲ್ಲ. ಕೋಟು ಬಿಚ್ಚಿ, ಒಗೆದು, ಒಣಹಾಕಿದಳು. ಅಂಟಿನ ಕಲೆಗಳು ಒಗೆದರೆ ಹೋಗುವಂಥವಲ್ಲ. ಅಂಗಡಿಯಲ್ಲಿ ಈಗ ಬೇರೆ ಯಾರೋ ಮೊಬೈಲ್ ಕವರ್ ಮಾರುತ್ತಾರೆ; ಜಾಲರಿಯ ಅಚ್ಚು ಹಾಲಿನ ಪಾತ್ರೆಯ ಮೇಲೆ ಮುಚ್ಚಳವಾಗಿದೆ. ಕಳೆದ ಸಲ ಹೋದಾಗ ಅವಳಿಗೊಂದು ಹೊಸ ಲೋಟ ಕೊಟ್ಟೆ. ಅವಳು ಅದನ್ನು ತಟ್ಟಲಿಲ್ಲ. ತೊಳೆದು, ನೀರು ತುಂಬಿಸಿ, ನನಗೇ ಕುಡಿಯಲು ಕೊಟ್ಟಳು.

ಅವಳಂಥವರು ನನಗೆ ತಿಳಿದ ಬಹುಪಾಲು ಮನೆಗಳಲ್ಲಿ ಇದ್ದಾರೆ. ಇನ್ನೊಬ್ಬರ ದನಿ ತಮ್ಮ ಮೂಲಕ ಎಲ್ಲೂ ತಡೆಯದೆ ಹಾದುಹೋಗುವಂತೆ ಅವರು ತಮ್ಮನ್ನೇ ಅರೆದು, ತೆಳುವಾಗಿಸಿ, ಒಣಗಿಸಿಕೊಂಡಿರುತ್ತಾರೆ. ಕೇಳುವವರು ಮೆಚ್ಚುವುದೂ ಅದನ್ನೇ, ಅವರ ಸುಳಿವೇ ಸಿಗದಿರುವುದನ್ನು. ಎಂದಾದರೊಮ್ಮೆ ಅವರು ಮುಂದೆ ಬಂದು ಇದು ನನ್ನದು ಎಂದರೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಕೆಲಸವನ್ನು ತಿರುಗಿಸಿ, ಹಿಂದೆ ಅವರದೇ ದುಂಡಗಿನ ಅಕ್ಷರದಲ್ಲಿ ಬರೆದಿರುವುದನ್ನು ಅವರಿಗೇ ಓದಿ ಹೇಳುತ್ತಾರೆ.