ಒಲೆ ಹಚ್ಚದ ಮನೆ

“ಹಲ್ಲು ತೆಗದು ನಗ್ರಿಬೇ ರಂಡೇರ್ಯಾ. ಯಾರ ಹೆಣದ ಮುಂದ ನಿಂತೀರಿ?”

ನಮ್ಮ ಕೆಲಸದ ಮೇಲೆ ನಿಗಾ ಇಡುವ ಮುಕಾದಮ ದೌಲತರಾಯ ದಿನಾ ಹೀಗೆ ಬೈದೇ ನಮ್ಮನ್ನು ನಗಿಸುತ್ತಿದ್ದ. ಆಳಂದ ರಸ್ತೆಯ ಬೇಳೆ ಗಿರಣಿಯನ್ನು ಮುಂಬೈ ಕಂಪನಿಯೊಂದು ಕೊಂಡ ಮೇಲೆ ಬಂದ ಪದ್ಧತಿ ಇದು. ಕೆಲಸಕ್ಕೆ ಕೂರುವ ಮೊದಲು ನಲವತ್ತು ಹೆಂಗಸರು ಸಾಲಾಗಿ ನಿಂತು, ಮೂರು ಸಲ ಚಪ್ಪಾಳೆ ತಟ್ಟಿ, “ನಾವೆಲ್ಲ ಒಂದೇ ಮನೆಯವರು” ಎಂದು ನಗುನಗುತ್ತ ಹೇಳಬೇಕು. ಇದು ಕಂಪನಿಯ ಸಂಸ್ಕೃತಿ ಎಂದು ಮ್ಯಾನೇಜರ್ ಸಾಹೇಬರು ತಿಳಿಸಿದ್ದರು.

ಮನೆ ಒಂದೇ ಆದರೂ ನೀರಿನ ಫಿಲ್ಟರ್ ಆಫೀಸಿನವರದು, ಬಾಗಿಲಾಚೆಯ ಬ್ಯಾರಲ್ ನಮ್ಮದು. ಒಮ್ಮೆ ನಮ್ಮ ಸಾಲಿನ ಖಾಸೀಂಬಿ ಫಿಲ್ಟರಿಗೆ ತನ್ನ ಲೋಟ ಹಿಡಿದಳು. ದೌಲತರಾಯ ಅದನ್ನು ಕಿತ್ತೆಸೆದು ಒದ್ದ. ಸೊಟ್ಟಗಾದ ಲೋಟ ಎತ್ತಿಕೊಂಡು ಅವಳು, ತನ್ನ ಅತ್ತೆಯೂ ಹೀಗೇ ಮಾಡುತ್ತಿದ್ದಳು, ಇದು ಮನೆಯೇ ಎಂದು ಈಗ ನಂಬಿಕೆ ಬಂತು ಎಂದಳು. ಅಂದು ನಾವು ಯಾರೂ ಹೇಳದೆ ನಕ್ಕೆವು.

ಹದಿನೆಂಟು ವರ್ಷ ನಾನೂ ಅವಳೂ ಒಂದೇ ಜರಡಿಯ ಎರಡು ಅಂಚು ಹಿಡಿದವರು. ಬೇಳೆಯ ದೂಳು ಇಬ್ಬರ ಎದೆಗೂ ಇಳಿಯಿತು. ಶಿವ ಅವಳನ್ನು ಮೊದಲು ಕರೆದ. ಮಂಗಳವಾರ ನಸುಕಿನಲ್ಲಿ ಹೋದಳು. ಮಧ್ಯಾಹ್ನ ಮಣ್ಣು. ಅದಕ್ಕೆ ಮೊದಲು ಮುಖ ನೋಡಬೇಕೆಂದು ನಾನು ರಜೆ ಕೇಳಿದೆ.

ಮನೆಯವರು ಸತ್ತರೆ ಮಾತ್ರ ರಜೆ ಎಂದರು ಸಾಹೇಬರು.

“ಆಕಿ ಸಾಬರಾಕಿ, ನೀ ಲಿಂಗ ಕಟ್ಟಿದಾಕಿ,” ಎಂದ ದೌಲತರಾಯ. “ನಿನಗೇನಾಗ್ಬೇಕಬೇ ಸುಂದರಬಾಯಿ? ಗೇಟ ದಾಟಿದ್ರ ನಾಳಿ ಬರಬ್ಯಾಡ.”

ಸಾಲಿಗೆ ಮರಳಿದೆ. ಚಪ್ಪಾಳೆ ತಟ್ಟಿದೆವು. ಒಂದೇ ಮನೆಯವರೆಂದೆವು. ಆಮೇಲೆ ಕೊರಳಿನ ಲಿಂಗ ಮುಟ್ಟಿಕೊಂಡು ನೇರ ಇಂಜಿನ್ ಕೋಣೆಗೆ ಹೋಗಿ, ಇಂಜಿನ್ ನೋಡುವ ಮಲ್ಕಪ್ಪನ ಮುಂದೆ ಕೈ ಚಾಚಿದೆ. ಅವನು ಇಂಜಿನ್ ತಿರುಗಿಸಿ ಶುರು ಮಾಡುವ ಕಬ್ಬಿಣದ ಹ್ಯಾಂಡಲ್ ಕೊಟ್ಟು, ಬೀಡಿಯನ್ನು ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ. ಆಫೀಸಿಗೆ ಚಹಾ ಕಾಸುವ ಸುಭದ್ರಾಬಾಯಿ ಸ್ಟೋವ್ ಆರಿಸಿ ಹೊರಬಂದಳು.

ಹ್ಯಾಂಡಲನ್ನು ಸೆರಗಿನಲ್ಲಿ ಸುತ್ತಿಕೊಂಡು ಗೇಟು ದಾಟಿದೆ. ಹಿಂದೆ ಎಲ್ಲರೂ ಬಂದರು. ದೌಲತರಾಯ ಓಡಿಬಂದು ಅಡ್ಡ ನಿಂತ.

“ಹೆಣ ಇರೋ ಮನ್ಯಾಗ ಒಲಿ ಹಚ್ತಾರೇನ್ರಿ?” ಎಂದೆ. “ಮಣ್ಣಾಗ್ಲಿ. ಬಂದು ಹಚ್ತೇವಿ.”

ಅವನು ಬೈಯುತ್ತಲೇ ಖಾಸೀಂಬಿಯ ಅಂಗಳದವರೆಗೂ ಬಂದ. ಅಲ್ಲಿ ಬಿಸಿಲಿಗೆ ಬಾಯಿ ಒಣಗಿ ತುಟಿ ಸವರಿಕೊಳ್ಳತೊಡಗಿದ. ಹೆಣದ ಬಳಿ ಕೂತಿದ್ದ ನಾನು ಎದ್ದು, ಅವಳ ಕೊಡದಿಂದ, ಅವಳ ಸೊಟ್ಟ ಲೋಟದಲ್ಲೇ ನೀರು ಕೊಟ್ಟೆ.

“ಕುಡೀರಿ. ಮನಿಯವರಽ ಅಲ್ಲೇನು.”

ಅವನು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅವಳ ತಲೆಯ ಬಳಿ ಕುಳಿತೆ. ಗಿರಣಿ ಸದ್ದಿಲ್ಲದೆ ನಿಂತಿತ್ತು. ಅಳುವವರ ಅಳು ಊರಿಗೆಲ್ಲ ಕೇಳುತ್ತಿತ್ತು.