ಸಲಗಾದಿಂದ ಬಂದ ಜೋಗುಳ

ನೀವು ನಮ್ಮ ಊರಿನವರಲ್ಲ, ನಮ್ಮ ಮನೆತನದ ಗುರುತು ನಿಮಗಿಲ್ಲ. ಅದಕ್ಕೇ ನಿಮ್ಮ ಮುಂದೆ ಬಾಯಿ ಬಿಡುತ್ತಿದ್ದೇನೆ. ಊರಿನವರ ಮುಂದೆ, ಅದರಲ್ಲೂ ನನ್ನ ಮೊಮ್ಮಗಳು ದುಫಿಯೆಯ ಮುಂದೆ, ಈ ಮಾತು ಬರುವುದಿಲ್ಲ.

ದುಫಿಯೆ ಕುಮಾಸಿ ಪಟ್ಟಣದಲ್ಲಿ ಓದುವವಳು. ರಜೆಗೆ ಬಂದಾಗ, ನಾನು ಕಡಲೆಕಾಯಿ ಸುಲಿಯುತ್ತ ಕೂತರೆ, ನನ್ನ ಮಾತು ತುಂಬಿಕೊಳ್ಳಲು ಮೊಬೈಲನ್ನು ಬುಟ್ಟಿಗೆ ಒರಗಿಸಿ ಗಂಟುಬೀಳುತ್ತಿದ್ದಳು. "ಅಜ್ಜೀ, ನಿಮ್ ಕಾಲದ್ದು ಏನಾದ್ರೂ ಹೇಳಜ್ಜೀ." ನನಗೂ ಹಿಗ್ಗು. ಮುದುಕಿಯ ಮಾತಿಗೆ ಈಗ ಕಿವಿ ಕೊಡುವವರು ಯಾರು? ನನ್ನಜ್ಜಿ ಪೊಕುವಾ ಕೋಕೋ ತೋಟ ಎಬ್ಬಿಸಿದ್ದು, ಅಮ್ಮ ಗಂಡನನ್ನು ಪೊರಕೆ ಹಿಡಿದು ಅಟ್ಟಿದ್ದು, ಎಲ್ಲ ಹೇಳಿದೆ.

ಒಂದು ಮಧ್ಯಾಹ್ನ, "ನಿನ್ನ ಮೊಬೈಲ್ ಆರ್ಸು, ಒಂದು ಮಾತಿದೆ" ಎಂದೆ. ನಾನು ಸತ್ತರೆ ಇದೂ ಸಾಯುತ್ತದಲ್ಲ ಎಂಬ ಹಳಹಳಿ ನನಗೆ. ಅವಳು ಮೊಬೈಲನ್ನು ಮಗುಚಿ ಇಟ್ಟಳು. ಮಗುಚಿದರೆ ಅದರ ಕಿವಿ ಮುಚ್ಚುತ್ತದೆ ಎಂದುಕೊಂಡೆ, ದಡ್ಡಿ.

ನಮ್ಮ ಮೂಲದ ತಾಯಿ, ಅಡಿಕೆಯಂತೆ ಜಗಿಯುವ ಕೋಲಾ ಬೀಜ ಹೊತ್ತು ಉತ್ತರದ ಸಲಗಾ ಸಂತೆಗೆ ಹೋದಳು. ಬೀಜ ಕೊಟ್ಟು ಒಂದು ಹೆಣ್ಣುಮಗುವನ್ನು ಕೊಂಡು ತಂದಳು. ಮೀಯಿಸಿ, ಹೆತ್ತ ಮಗಳ ಪಕ್ಕ ಒಂದೇ ಹೊದಿಕೆಯಡಿ ಮಲಗಿಸಿದಳು. ಇಬ್ಬರೂ ಅಕ್ಕತಂಗಿಯರಾಗಿ ಬೆಳೆದರು. ಇಷ್ಟು ಹೇಳಿ, ಆ ಮಗು ತನ್ನ ಸೀಮೆಯಿಂದ ತಂದಿದ್ದ ಜೋಗುಳವನ್ನೂ ಹಾಡಿದೆ. ಅದರ ಅರ್ಥ ನಮಗ್ಯಾರಿಗೂ ಗೊತ್ತಿಲ್ಲ. ಆ ಮಗು ಯಾರ ಅಜ್ಜಿಯಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ.

ನಮ್ಮಲ್ಲಿ ಒಬ್ಬರ ಮೂಲವನ್ನು ಇನ್ನೊಬ್ಬರು ಎತ್ತುವಂತಿಲ್ಲ. ಎತ್ತಿದವನು ಕುರಿ ತಂದು ತಪ್ಪೊಪ್ಪಿಕೊಳ್ಳಬೇಕು. ಕುಲ ತಾಯಿಯಿಂದ ಬರುವುದರಿಂದ, ಕೊಂಡು ತಂದವಳ ಸಂತಾನ ಮನೆತನದ ಹಿರಿಯಮ್ಮನ ಅಧಿಕಾರದ ಮಣೆಯ ಮೇಲೆ ಕೂರುವಂತಿಲ್ಲ, ಯಜಮಾನಿಕೆ ಹಿಡಿಯುವಂತೆಯೂ ಇಲ್ಲ. ಆ ಮಣೆಯ ಮೇಲೆ ಕೂತಿದ್ದವಳು ನಾನು.

ಮನೆತನದ ಯಜಮಾನ ಅಪ್ಪಿಯಾ. ನನ್ನ ಒಡನಾಡಿ ತಿವಾಳ ಮಗ. ತಂಗಿಯನ್ನು ಆ ಮಣೆಯ ಮೇಲೆ ಕೂರಿಸುವ ಆಸೆ ಅವನಿಗೆ ಮೊದಲಿನಿಂದಲೂ ಇತ್ತು. ಸಭೆ ಕೂಡಿದ ದಿನ ಜೇಬಿನಿಂದ ಮೊಬೈಲ್ ತೆಗೆದ.

"ನಾನು ಯಾರ ಮೂಲಾನೂ ಎತ್ತಿಲ್ಲಪ್ಪ, ಕುರಿ ಗಿರಿ ಕೇಳಬೇಡಿ. ದೊಡ್ಡಮ್ಮನೇ ಹೇಳಿದ್ದಾರೆ, ಅವರ ಬಾಯಲ್ಲೇ ಕೇಳಿ."

ಅಂಗಳದ ತುಂಬ ನನ್ನದೇ ದನಿ. ಕೊನೆಗೆ ಜೋಗುಳ.

"ಯಾವುದೋ ಭಾಷೆ ಹಾಡು. ಕೊಂಡು ತಂದೋಳ ಮೊಮ್ಮಗಳಿಗಲ್ದೆ ಇನ್ಯಾರಿಗೆ ಬರುತ್ತೆ?" ಎಂದ.

ನಾನು ದುಫಿಯೆಯ ಕಡೆ ತಿರುಗಿದೆ. "ನೀನು ಕೊಟ್ಟಿದ್ದಾ?"

"ಮಾವ ಕೇಳಿದ್ರು ಅಜ್ಜೀ. ಮನೆತನದ ಚರಿತ್ರೆ ಅಚ್ಚು ಹಾಕಿಸ್ತೀನಿ, ಬರೆದೋಳು ಅಂತ ನಿನ್ನ ಹೆಸರು ಹಾಕ್ತೀನಿ ಅಂದ್ರು. ಇದ್ರಲ್ಲಿ ನಾಚ್ಕೊಳ್ಳೋದೇನಿದೆ?"

"ಆರ್ಸು ಅಂದಿದ್ನಲ್ಲೇ."

ಅಪ್ಪಿಯಾನ ಮೇಲೆ ನನಗೆ ಸಿಟ್ಟು ಬಂತು, ಅಷ್ಟೆ. ಹೊಟ್ಟೆ ಉರಿದದ್ದು ಇವಳನ್ನು ನೋಡಿ. ನನ್ನ ತಟ್ಟೆಯಲ್ಲಿ ಉಂಡು ಬೆಳೆದವಳು.

ಇನ್ನು ಉಳಿದದ್ದು ಕೇಳಿ. ಸಲಗಾದ ಆ ಮಗುವಿನ ಹೆಸರು ಮಾನ್ಸಾ. ಮಾನ್ಸಾ ತಿವಾಳ ಅಜ್ಜಿ, ಅಪ್ಪಿಯಾನ ಮುತ್ತಜ್ಜಿ. ಒಂದೇ ಹೊದಿಕೆಯಡಿ ಮಲಗಿದ್ದ ನನ್ನಜ್ಜಿ ಪೊಕುವಾಳಿಗೆ ಅವಳು ಹಾಡು ಕಲಿಸಿದಳು, ಪೊಕುವಾ ನನಗೆ. ಆ ಒಂದು ಹೆಸರು ನನ್ನ ಬಾಯಿಂದ ಬಿದ್ದಿದ್ದರೆ ಅಪ್ಪಿಯಾನ ಯಜಮಾನಿಕೆ ಅಲ್ಲೇ ಮಣ್ಣುಪಾಲಾಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

ಆದರೆ ತಿವಾ ಎದುರಿಗೆ ಕೂತಿದ್ದಳು. ಕಣ್ಣು ಹೋಗಿ ವರ್ಷಗಳಾಗಿವೆ, ಪಾಪ. ಹಾಡು ಬಂದ ಕಡೆಗೆ ಮುಖ ಎತ್ತಿ, ಬಾಯಿ ತೆರೆದು ಹಾಗೇ ಇದ್ದಳು.

ನಮ್ಮಲ್ಲಿ ಎದ್ದು ಹೋಗುವಾಗ ಮಣೆಯನ್ನು ಪಕ್ಕಕ್ಕೆ ವಾಲಿಸಿ ಇಡುತ್ತೇವೆ, ಬೇರೆ ಯಾರೂ ಬಂದು ಕೂರಬಾರದೆಂದು. ಅವತ್ತು ನಾನು ಎದ್ದೆ. ಮಣೆಯನ್ನು ನೆಟ್ಟಗೇ ಬಿಟ್ಟು ಬಂದೆ.

ಸಂಜೆ ತಿವಾ ಗೋಡೆ ಸವರಿಕೊಂಡು ನನ್ನ ಕೋಣೆಗೆ ಬಂದಳು. ಕೂತು ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದಳು.

"ಅಬ್ರಫೀ, ಆ ಹಾಡು ನಮ್ಮಜ್ಜಿ ಹಾಡ್ತಿದ್ದದ್ದು ಕಣೇ. ಸಾಯೋ ದಿನಾನೂ ಹಾಡಿದ್ಲು. ನಿಜ ಹೇಳು, ಮಣೆ ಬಿಟ್ಟು ನೀನ್ಯಾಕೆ ಎದ್ದೆ?"

ಬಾಗಿಲಲ್ಲಿ ದುಫಿಯೆ ನಿಂತಿದ್ದಳು, ಅತ್ತು ಮುಖ ಊದಿತ್ತು. ಮೊದಲು ಅವಳ ಕೈ ನೋಡಿದೆ. ಎರಡೂ ಖಾಲಿ ಇದ್ದವು. ಆದರೂ ನಂಬಿಕೆ ಬರಲಿಲ್ಲ.

"ನಿಮ್ಮಜ್ಜಿಗೆ ನಮ್ಮಜ್ಜೀನೇ ಕಲ್ಸಿದ್ದು ಕಣೇ, ಮಂಕೆ" ಎಂದೆ. "ಹಾಡು ನಮ್ಮ ಕಡೇದೇ."

ತಿವಾಳ ಹಿಡಿತ ಸಡಿಲವಾಯಿತು. ಮೆಲ್ಲಗೆ ನನ್ನ ಕಾಲು ತಟ್ಟಿದಳು, ಸಮಾಧಾನ ಮಾಡುವವಳಂತೆ.

"ಹಂಗಾದ್ರೆ ನಿಜಾನಾ ಅಜ್ಜೀ? ನಾವೇನಾ ಆ ಮಗೂ ಕಡೆಯೋರು?" ದುಫಿಯೆ ಕೇಳಿದಳು.

"ಹೂಂ, ನಿಜ" ಎಂದೆ. "ಹೋಗು, ಮೊಬೈಲ್ ತಾ. ಸರಿಯಾಗಿ ಇನ್ನೊಂದ್ಸಲ ಹೇಳ್ತೀನಿ."